ಹಸಿ ಸುಣ್ಣದ ಮೇಲೆ ಸಂತರು

ಬೆಳ್ತಂಗಡಿ ಸೀಮೆಯಲ್ಲಿ ಗೋಡೆಯ ಮೇಲೆ ಚಿತ್ರ ಬರೆಯುವ ಮೊದಲ ಹಕ್ಕು ಮಳೆಯದು. ವರ್ಷಕ್ಕೆ 4000 ಮಿಲಿಮೀಟರ್ ದಾಟಿ ಸುರಿಯುವ ಈ ಘಟ್ಟದ ತಪ್ಪಲಲ್ಲಿ ತುಳುವರ ಆಟಿ ತಿಂಗಳು ಕಳೆದು ಸೋಣ ಬರುವಷ್ಟರಲ್ಲಿ ಬೇಸಿಗೆಯಲ್ಲಿ ಬಳಿದ ಸುಣ್ಣದ ಮೇಲೆ ಕಪ್ಪು-ಹಸಿರು ಪಾಚಿ ಹಬ್ಬಿರುತ್ತದೆ. ನೀರು ಎಲ್ಲಿಂದ ಇಳಿಯಿತು, ಎಲ್ಲಿ ನಿಂತಿತು, ಯಾವ ಹಂಚು ಒಡೆದಿತ್ತು ಎಂಬ ವಿವರವೆಲ್ಲ ಗೋಡೆಯಲ್ಲೇ ಓದಿಕೊಳ್ಳಬಹುದು. ಮುರಕಲ್ಲು ನೀರು ಕುಡಿಯುವ ಕಲ್ಲು. ಹೊರಗೆ ಕುಡಿದದ್ದನ್ನು ನಿಧಾನವಾಗಿ ಒಳಗೂ ದಾಟಿಸುತ್ತದೆ. ಇಂಥ ಊರಿನಲ್ಲಿ ಗೋಡೆಯ ಮೇಲೆ ಮನುಷ್ಯಮುಖ ಬರೆದು ಅದು ನೂರು ವರ್ಷ ಉಳಿಯಲಿ ಎಂದು ಬಯಸುವವರಿಗೆ ಧೈರ್ಯ ಬೇಕು.

ಆದ್ದರಿಂದಲೇ ಇಲ್ಲಿನ ಯಾವುದಾದರೂ ಚರ್ಚಿನಲ್ಲಿ ಬಲಿಪೀಠದ ಹಿಂದಿನ ಗೋಡೆಗೆ ಹೊಸ ಚಿತ್ರ ಬಂತೆಂದರೆ ಸುದ್ದಿ ಬೇಗ ಹಬ್ಬುತ್ತದೆ. ಬಂಟ್ವಾಳದ ಮೊಡಂಕಾಪು, ಅಗ್ರಾರ್, ಲೊರೆಟ್ಟೊ. ಮೂಡಬಿದಿರೆಯ ಅಲಂಗಾರು, ಕೋರ್ಪುಸ್ ಕ್ರಿಸ್ತಿ. ಬೆಳ್ತಂಗಡಿಯ ಹೋಲಿ ರಿಡೀಮರ್, ಮಡಂತ್ಯಾರು, ಉಜಿರೆ. ಈ ಮೂರು ತಾಲ್ಲೂಕುಗಳಲ್ಲಿ ಎರಡು ಗುಡ್ಡ ಇಳಿದು ಹತ್ತುವಷ್ಟರಲ್ಲಿ ಒಂದು ಇಗರ್ಜಿ ಸಿಗುತ್ತದೆ. ಶತಮಾನೋತ್ಸವ ಬಂದಾಗ, ಹಳೆಯ ಕಟ್ಟಡ ನವೀಕರಿಸಿದಾಗ, ದುಬೈ-ಕುವೈತಿನಲ್ಲಿರುವ ಮಕ್ಕಳು ಊರ ಚರ್ಚಿಗೆ ಏನಾದರೂ ಮಾಡೋಣವೆಂದು ಹೊರಟಾಗ ಗೋಡೆಗೆ ಬಣ್ಣ ಬರುತ್ತದೆ. ಮುಂದಿನ ಭಾನುವಾರ ಪಕ್ಕದ ಊರಿನವರು ಪೂಜೆಯ ನೆಪದಲ್ಲಿ ನೋಡಲು ಬರುತ್ತಾರೆ. ಕ್ರೈಸ್ತರಷ್ಟೇ ಬರುತ್ತಾರೆಂದಲ್ಲ. ತುಳುವರಿಗೆ ಪೊರ್ಬುಗಳ, ಅಂದರೆ ಕಥೊಲಿಕರ, ಇಗರ್ಜಿಯ ಹಬ್ಬವೂ ತಮ್ಮ ಕೋಲ, ಜಾತ್ರೆಗಳ ನೆರೆಯಲ್ಲೇ ಇರುವ ಸಂಗತಿ.

ನೋಡುವುದು ಸರಿ, ಆದರೆ ಏನನ್ನು ನೋಡಬೇಕು? ನನಗೆ ತೋಚುವ ಉತ್ತರ ಸ್ವಲ್ಪ ವಿಚಿತ್ರವಾದದ್ದು. ಚಿತ್ರ ನೋಡುವ ಮೊದಲು ಗೋಡೆ ನೋಡಬೇಕು. ಅದು ಏಕೆಂದು ತಿಳಿಯಲು ಬಂಟ್ವಾಳದಿಂದ 25 ಕಿಲೋಮೀಟರ್ ಪಡುವಣಕ್ಕೆ, ಮಂಗಳೂರಿನ ಲೈಟ್‌ಹೌಸ್ ಹಿಲ್ ಹತ್ತಬೇಕು. ಈ ಸೀಮೆಯ ಎಲ್ಲ ಚರ್ಚ್ ಚಿತ್ರಗಳೂ ಗೊತ್ತಿದ್ದೋ ಗೊತ್ತಿಲ್ಲದೆಯೋ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನೊಂದಿಗೆ ಹೋಲಿಕೆಗೆ ನಿಲ್ಲುತ್ತವೆ.

ಹಳೆಯ ಗೋಡೆಗಳು ಎಲ್ಲಿ ಹೋದವು

ಅದಕ್ಕೂ ಮೊದಲು ಒಂದು ಪ್ರಶ್ನೆ ಇದೆ. ಗೋವಾದಲ್ಲಿ, ಕೇರಳದಲ್ಲಿ ನಾನೂರು ವರ್ಷಗಳ ಚರ್ಚುಗಳಿವೆ, ಅವುಗಳಲ್ಲಿ ಹಳೆಯ ಚಿತ್ರಗಳಿವೆ. ಅಂಗಮಾಲಿಯ ಸಂತ ಮೇರಿ ಚರ್ಚಿನ ನರಕದ ಚಿತ್ರ, ಆಕಪ್ಪರಂಬು ಮತ್ತು ಚೆಪ್ಪಾಡಿನ ಭಿತ್ತಿಗಳು ಕಲಾ ಇತಿಹಾಸದ ಪುಸ್ತಕಗಳಲ್ಲಿ ಸೇರಿವೆ. ನಡುವಿನ ಕೆನರಾದಲ್ಲಿ ಹಾಗೇನೂ ಏಕಿಲ್ಲ?

ಉತ್ತರ 1784ರಲ್ಲಿದೆ. ಆ ವರ್ಷದ ಫೆಬ್ರುವರಿಯಲ್ಲಿ, ಬೂದಿ ಬುಧವಾರದಂದು ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಇಪ್ಪತ್ತೇಳು ಚರ್ಚುಗಳನ್ನು ಕೆಡವಿಸಿದರೆಂದು ಚರಿತ್ರೆಕಾರರು ಲೆಕ್ಕ ಕೊಡುತ್ತಾರೆ. ಬದುಕುಳಿದವರು ಮರಳಿದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ. ಮರಳಿದವರಿಗೆ ಮೊದಲು ಬೇಕಾದದ್ದು ಗದ್ದೆ, ಮನೆ, ತಲೆಯ ಮೇಲೊಂದು ಮಾಡು. ಚಿತ್ರದ ಮಾತು ಆಮೇಲಿನದು.

ಆ ಕೆಡವುವಿಕೆಯಲ್ಲಿ ಉಳಿದದ್ದು ಒಂದೇ ಎಂದು ಹೇಳುತ್ತಾರೆ. ಅದು ಮೂಡಬಿದಿರೆ ಸೀಮೆಯ ಹೊಸ್ಪೇಟ್‌ನ ಪವಿತ್ರ ಶಿಲುಬೆಯ ಚರ್ಚು. ಉಳಿಸಿದವರು ಮೂಡಬಿದಿರೆಯ ಚೌಟ ಅರಸರು, ಜೈನರು. ಅವರು ನಡುವೆ ಬಂದು ಮಾತಾಡಿದ್ದರಿಂದ ಆ ಒಂದು ಇಗರ್ಜಿ ನಿಂತಿತು. ಇದನ್ನು ಸೌಹಾರ್ದದ ಭಾಷಣಗಳಲ್ಲಿ ಬಳಸಿ ಬಳಸಿ ಸವೆಸುವುದು ಸುಲಭ. ನನಗೆ ಕುತೂಹಲವಿರುವುದು ಇನ್ನೊಂದು ಸಂಗತಿಯಲ್ಲಿ. ಆ ಅರಸರ ಊರು ಚಿತ್ರಗಳನ್ನು ಕಾಪಾಡುವುದರಲ್ಲಿ ಅದಾಗಲೇ ದೀರ್ಘ ಅಭ್ಯಾಸ ಇದ್ದ ಊರು. ಆ ಮಾತಿಗೆ ಮುಂದೆ ಬರುತ್ತೇನೆ.

ಕೇರಳದ ಕಾಂಜೂರಿನ ಚರ್ಚಿನ ಗೋಡೆಯ ಮೇಲೆ ಟಿಪ್ಪುವಿನ ಸೈನ್ಯದ ಯುದ್ಧದ ಚಿತ್ರವೇ ಇದೆ. ಆ ಕಾಲದ ಭಯವನ್ನು ಅಲ್ಲಿನವರು ಗೋಡೆಗೆ ಏರಿಸಿದರು. ಇಲ್ಲಿನವರಿಗೆ ಏರಿಸಲು ಗೋಡೆಯೇ ಇರಲಿಲ್ಲ.

ಬೆರ್ಗಾಮೊದಿಂದ ಬಂದ ಬ್ರದರ್

1878ರ ಡಿಸೆಂಬರ್ 31ರಂದು ಇಟಲಿಯ ಜೆಸ್ವಿತ್ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಕಾಲೇಜು ಶುರುವಾಯಿತು, ಕೆಲವೇ ವರ್ಷಗಳಲ್ಲಿ ಗುಡ್ಡದ ಮೇಲೆ ಕಟ್ಟಡವೂ ಚಾಪೆಲೂ ಎದ್ದವು. ಚಾಪೆಲಿನ ಗೋಡೆಗಳು ಬೋಳಾಗಿದ್ದವು. ಅವುಗಳಿಗಾಗಿ ಇಟಲಿಯಿಂದ ಕರೆಸಿಕೊಂಡ ವ್ಯಕ್ತಿ ಆಂಟೋನಿಯೊ ಮೊಸ್ಕೆನಿ.

ಮೊಸ್ಕೆನಿ 1854ರ ಜನವರಿ 17ರಂದು ಬೆರ್ಗಾಮೊ ಪಟ್ಟಣದ ಹತ್ತಿರದ ಸ್ತೆತ್ಸಾನೊ ಎಂಬ ಊರಲ್ಲಿ ಹುಟ್ಟಿದವರು. ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಕಲಿತರು. ಪ್ರದರ್ಶನಗಳಲ್ಲಿ ಹೆಸರು ಮಾಡುತ್ತಿದ್ದ ಕಲಾವಿದ 1889ರಲ್ಲಿ, ಮೂವತ್ತೈದರ ಪ್ರಾಯದಲ್ಲಿ, ಎಲ್ಲ ಬಿಟ್ಟು ಜೆಸ್ವಿತ್ ಸಭೆ ಸೇರಿದರು. ಸೇರಿದ್ದು ಪಾದ್ರಿಯಾಗಿ ಅಲ್ಲ, ಬ್ರದರ್ ಆಗಿ. ಬ್ರದರ್ ಎಂದರೆ ಪೂಜೆ ಅರ್ಪಿಸುವ ಅಧಿಕಾರವಿಲ್ಲದ, ಕೈಕೆಲಸದಿಂದ ಸಭೆಗೆ ಸೇವೆ ಸಲ್ಲಿಸುವ ಸನ್ಯಾಸಿ. ಒಬ್ಬರು ಅಡುಗೆ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ಬಡಗಿ, ಮತ್ತೊಬ್ಬರು ಕಟ್ಟಡದ ಉಸ್ತುವಾರಿ. ಮೊಸ್ಕೆನಿ ಬಣ್ಣ ಬಳಿಯುವವರು. ಜೆಸ್ವಿತರಲ್ಲಿ ಇದಕ್ಕೊಂದು ದೊಡ್ಡ ಪರಂಪರೆ ಇದೆ. ರೋಮಿನ ಸಂತ ಇಗ್ನೇಷಿಯಸ್ ಚರ್ಚಿನ ಚಾವಣಿಯನ್ನು ಬಿಡಿಸಿ, ಚಪ್ಪಟೆ ಬಟ್ಟೆಯ ಮೇಲೆ ಗುಮ್ಮಟ ಬರೆದು ಕೆಳಗಿನವರನ್ನು ಇವತ್ತಿಗೂ ಮರುಳು ಮಾಡುತ್ತಿರುವ ಆಂದ್ರೇಯಾ ಪೊತ್ಸೊ ಕೂಡ ಪಾದ್ರಿಯಲ್ಲ, ಬ್ರದರ್. ಆ ಚರ್ಚಿನಲ್ಲೇ ಸಂತ ಅಲೋಶಿಯಸ್ ಗೊನ್ಸಾಗನ ಸಮಾಧಿಯಿದೆ. ಮಂಗಳೂರಿನ ಚಾಪೆಲ್ ಆ ಸಂತನ ಹೆಸರಿನದು.

1899ರಲ್ಲಿ ಕೆಲಸ ಹಿಡಿದ ಮೊಸ್ಕೆನಿ 1901ರಲ್ಲಿ ಮುಗಿಸಿದರು. ಒಳಗೆ ಕಾಲಿಟ್ಟವರಿಗೆ ಒಂದು ಅಂಗೈ ಅಗಲದ ಜಾಗವೂ ಖಾಲಿ ಕಾಣುವುದಿಲ್ಲ. ಚಾವಣಿಯ ನಡುಸಾಲಿನಲ್ಲಿ ಅಲೋಶಿಯಸನ ಬದುಕು. 1568ರಲ್ಲಿ ಕಾಸ್ತಿಲ್ಯೋನೆಯ ಮಾರ್ಕ್ವಿಸ್ ಮನೆತನದ ಹಿರಿಯ ಮಗನಾಗಿ ಹುಟ್ಟಿ, 1580ರಲ್ಲಿ ಸಂತ ಚಾರ್ಲ್ಸ್ ಬೊರೊಮಿಯೊರಿಂದ ಮೊದಲ ಪರಮಪ್ರಸಾದ ಪಡೆದು, ಪಟ್ಟದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು, ರೋಮಿನಲ್ಲಿ ಸೋಂಕು ರೋಗಿಗಳ ಆರೈಕೆ ಮಾಡುತ್ತಾ ತಾನೂ ರೋಗ ತಗುಲಿಸಿಕೊಂಡು 1591ರ ಜೂನ್ 21ರಂದು ಇಪ್ಪತ್ತಮೂರರ ಪ್ರಾಯದಲ್ಲಿ ತೀರಿಕೊಂಡ ಹುಡುಗನ ಕಥೆ. ಇಳಿಜಾರಿನಲ್ಲಿ ಅಪೊಸ್ತಲರು, ಕೆಳಗೆ ಸಂತರು, ಹಿಂದಿನ ಗೋಡೆಯಲ್ಲಿ ಯೇಸುವಿನ ಬಾಳಿನ ಘಟನೆಗಳು. ಪುಟ್ಟ ದೇವದೂತರು ಹೂಮಾಲೆ ಹಿಡಿದು ನಿಂತಿದ್ದಾರೆ. ಕಂಬದ ತಲೆಯ ಕೆತ್ತನೆ, ಚಾಚಿದ ಅಂಚುಪಟ್ಟಿ ಎಂದು ಕೆಳಗಿನಿಂದ ಕಾಣುವ ಎಷ್ಟೋ ಭಾಗಗಳು ಹತ್ತಿರ ಹೋದರೆ ಬರೀ ಬಣ್ಣ. ಗೋಡೆ ಚಪ್ಪಟೆ. ಶಾಲಾ ಪ್ರವಾಸದ ಮಕ್ಕಳು ಇದನ್ನು ಕಂಡುಹಿಡಿದು ಬೆರಗಾಗುತ್ತಾರೆ. ಸಂತರಿಗಿಂತ ಅವರಿಗೆ ಈ ಮೋಸವೇ ಹೆಚ್ಚು ಇಷ್ಟ. ಪೊತ್ಸೊ ಕಲಿಸಿದ ಮೋಸವಿದು.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ತಂತ್ರ. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದ ಫ್ರೆಸ್ಕೊ. ಚಾವಣಿಯವು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಒಂದೇ ಕೋಣೆಯಲ್ಲಿ ಎರಡು ಬೇರೆ ಬೇರೆ ವಿಧಾನ, ಎರಡಕ್ಕೂ ಬೇರೆ ಬೇರೆ ಆಯುಷ್ಯ, ಬೇರೆ ಬೇರೆ ಕಾಯಿಲೆ.

ಫ್ರೆಸ್ಕೊ ಮಾಡುವವರಿಗೆ ಸಮಯ ಇರುವುದಿಲ್ಲ. ಬೆಳಿಗ್ಗೆ ಮೇಸ್ತ್ರಿ ಎಷ್ಟು ಜಾಗಕ್ಕೆ ಗಾರೆ ಹಚ್ಚುತ್ತಾನೋ ಅಷ್ಟನ್ನೇ ಆ ದಿನ ಬರೆಯಬೇಕು. ಬಣ್ಣಕ್ಕೆ ಅಂಟು ಬೆರೆಸುವುದಿಲ್ಲ, ನೀರಿನಲ್ಲಿ ಕದಡಿ ಹಸಿ ಸುಣ್ಣಕ್ಕೆ ಹಚ್ಚುತ್ತಾರೆ. ಸುಣ್ಣ ಒಣಗುತ್ತಾ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಬಣ್ಣದ ಕಣ ಆ ಕಲ್ಲಿನ ಒಳಗೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಅದು ಸಿಪ್ಪೆ ಏಳುವ ಪದರವಲ್ಲ, ಗೋಡೆಯೇ ಬಣ್ಣವಾಗಿರುತ್ತದೆ. ತಪ್ಪಾದರೆ ತಿದ್ದುವಂತಿಲ್ಲ, ಆ ದಿನದ ಗಾರೆ ಕೆತ್ತಿ ತೆಗೆದು ಮರುದಿನ ಮತ್ತೆ ಶುರು. ಸುಣ್ಣದ ಕ್ಷಾರ ತಡೆಯುವ ಮಣ್ಣುಬಣ್ಣಗಳೇ ಇಲ್ಲಿ ನಿಲ್ಲುತ್ತವೆ. ಒದ್ದೆಯಲ್ಲಿ ಗಾಢವಾಗಿ ಕಂಡ ಕೆಂಪು ಒಣಗಿದಾಗ ಎಷ್ಟು ತೆಳುವಾದೀತೆಂದು ಮೊದಲೇ ಊಹಿಸಬೇಕು. ಇಟಲಿಯ ಒಣಹವೆಯಲ್ಲಿ ಗಾರೆ ಒಣಗುವ ಹೊತ್ತು ಬೇರೆ, ನಮ್ಮ ಕಡಲ ತೇವದಲ್ಲಿ ಒಣಗುವ ಹೊತ್ತು ಬೇರೆ. ಮೊಸ್ಕೆನಿ ಇಲ್ಲಿ ಮೊದಲು ಕಲಿಯಬೇಕಾಗಿದ್ದದ್ದು ಇದನ್ನೇ ಇರಬೇಕು.

ಈ ಆತುರ ಬೇಡವೆಂದು, ಬೆರ್ಗಾಮೊ ಇರುವ ಅದೇ ಲೊಂಬಾರ್ಡಿ ಪ್ರಾಂತ್ಯದಲ್ಲಿ ಒಬ್ಬ ಮಹಾಶಯ ಬೇರೆ ದಾರಿ ಹಿಡಿದಿದ್ದ. ಲಿಯೊನಾರ್ದೊ ದ ವಿಂಚಿಗೆ ನಿಧಾನವಾಗಿ ಯೋಚಿಸಿ ತಿದ್ದುತ್ತಾ ಬರೆಯಬೇಕಿತ್ತು. ಮಿಲಾನಿನ ಮಠದ ಊಟದ ಕೋಣೆಯಲ್ಲಿ 'ಕಡೆಯ ಭೋಜನ'ವನ್ನು ಆತ ಒಣಗೋಡೆಯ ಮೇಲೆ ಬರೆದ. ಅವನು ಬದುಕಿದ್ದಾಗಲೇ ತೇವಕ್ಕೆ ಅದು ಉದುರತೊಡಗಿತು. ಕೊನೆಯ ದೊಡ್ಡ ದುರಸ್ತಿಗೆ 1978ರಿಂದ 1999ರವರೆಗೆ ಇಪ್ಪತ್ತೊಂದು ವರ್ಷ ಬೇಕಾಯಿತು. ಗೋಡೆಯ ಮಾತು ಕೇಳದಿದ್ದರೆ ಲಿಯೊನಾರ್ದೊನಿಗೂ ರಿಯಾಯಿತಿಯಿಲ್ಲ.

ಸಾರುವೆಯ ಮೇಲಿದ್ದ ಇನ್ನೊಬ್ಬ

ಮಂಗಳೂರು ಮುಗಿಸಿದ ಮೊಸ್ಕೆನಿ ಕೊಚ್ಚಿಗೆ ಹೋದರು. ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಸ್ ಕಥೀಡ್ರಲ್ ಆಗ ಹೊಸದಾಗಿ ಎದ್ದಿತ್ತು. ಅಲ್ಲಿನ ಬಲಿಪೀಠದ ಅಲಂಕಾರ ಅವರ ಕೊನೆಯ ಕೆಲಸ. 1905ರ ನವೆಂಬರ್ 19ರಂದು ಆ ಕಥೀಡ್ರಲಿನ ಪ್ರತಿಷ್ಠೆ ನಡೆಯಿತು. ಅದಕ್ಕೆ ಕೆಲವೇ ದಿನ ಮೊದಲು ಮೊಸ್ಕೆನಿ ತೀರಿಕೊಂಡರು, ಐವತ್ತೊಂದರ ಪ್ರಾಯದಲ್ಲಿ.

ಕೊಚ್ಚಿಯ ಕೆಲಸದ ವಿವರಗಳಲ್ಲಿ ಇನ್ನೊಂದು ಹೆಸರಿದೆ: ಮಂಗಳೂರಿನ ಡಿ ಗಾಮ, ಮೊಸ್ಕೆನಿಯ ಶಿಷ್ಯ. ಒಂದೇ ಸಾಲು, ಅಷ್ಟೇ. ಅಡ್ಡಹೆಸರು ಮಾತ್ರ ಉಳಿದಿದೆ. ಆದರೂ ಈ ಅರ್ಧ ಹೆಸರು ನನಗೆ ಇಡೀ ಕಥೆಯ ದಿಕ್ಕನ್ನೇ ತಿರುಗಿಸುವಷ್ಟು ಮುಖ್ಯ. ಇಟಲಿಯಿಂದ ಬಂದ ಒಬ್ಬ ಒಂಟಿ ಪ್ರತಿಭೆ ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ನೂರಾರು ಚದರ ಮೀಟರಿನ ಈ ಕೆಲಸವನ್ನು ಒಬ್ಬರೇ ಮಾಡಲಾಗದು. ಸುಣ್ಣ ಸುಡುವವರು, ನೆನೆಹಾಕುವವರು, ಗಾರೆ ಅರೆಯುವವರು, ಸಾರುವೆ ಕಟ್ಟುವವರು, ನಕಾಶೆಯನ್ನು ಗೋಡೆಗೆ ಇಳಿಸುವವರು ಬೇಕು. ಹೂಮಾಲೆಯ ಒಂದು ಎಸಳು ಗುರುವಿನದಾದರೆ ಉಳಿದ ನೂರು ಎಸಳು ಶಿಷ್ಯರದಾಗಿರುವುದು ಎಲ್ಲ ಕಾಲದ ಭಿತ್ತಿಚಿತ್ರಗಳ ರೀತಿ. ಮಂಗಳೂರಿನ ಒಬ್ಬ ಹುಡುಗ ಸಾರುವೆಯ ಮೇಲೆ ನಿಂತು ಇಟಲಿಯ ವಿದ್ಯೆ ಕಲಿತು, ಗುರುವಿನ ಜತೆ ಕೊಚ್ಚಿಗೂ ಹೋದ. ಗುರುವಿನ ಬಗ್ಗೆ ಇಂದಿಗೂ ಪುಸ್ತಕಗಳು ಬರುತ್ತವೆ. ಶಿಷ್ಯನ ಪೂರ್ತಿ ಹೆಸರನ್ನು ಬರೆದಿಡಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಅಷ್ಟೇ ಆಶ್ಚರ್ಯದ ಸಂಗತಿಯೆಂದರೆ, ಸುಣ್ಣದ ವಿದ್ಯೆ ಈ ಕರಾವಳಿಗೆ ಹೊಸದಾಗಿರಲಿಲ್ಲ. ಕುಮಟಾ, ಅಂಕೋಲಾ, ಗೋಕರ್ಣದಿಂದ ಗೋವಾದವರೆಗೆ ದೇವಸ್ಥಾನಗಳ, ಮನೆಗಳ ಗೋಡೆಯಲ್ಲಿ ಕಾವಿ ಕಲೆ ಇತ್ತು. ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಸೇರಿಸಿ ದಿನಗಟ್ಟಲೆ ಕೊಳೆಹಾಕಿ, ಕುಟ್ಟಿ ಹದ ಮಾಡಿ ಗೋಡೆಗೆ ಹಚ್ಚುವುದು. ಮೇಲೆ ಕೆಮ್ಮಣ್ಣಿನ ಪದರ ಹಾಕುವುದು. ಹಸಿಯಿರುವಾಗಲೇ ಮೊನೆಯಿಂದ ಕೆಂಪನ್ನು ಕೆರೆದು ಕೆಳಗಿನ ಬಿಳುಪನ್ನು ತೋರಿಸುವುದು. ಗಣಪತಿ, ಬಳ್ಳಿ, ರಾಮಾಯಣದ ಪಾತ್ರಗಳು ಎಲ್ಲವೂ ಬಿಳಿ-ಕೆಂಪು ಎರಡೇ ಬಣ್ಣದಲ್ಲಿ. ಈ ಕಲೆ ಅಳಿಯುವ ಮುನ್ನ ಅದನ್ನು ಹುಡುಕಿ ದಾಖಲಿಸಿದವರು ಡಾ. ಕೃಷ್ಣಾನಂದ ಕಾಮತ್. ಫ್ರೆಸ್ಕೊ ಮತ್ತು ಕಾವಿ ಎರಡೂ ಹಸಿ ಸುಣ್ಣವನ್ನು ನಂಬಿದವು. ಎರಡೂ ಒಣಗುವ ಮುನ್ನ ಮುಗಿಯಬೇಕಾದವು. ಕರಾವಳಿಯ ಒಬ್ಬ ಗಾರೆ ಕೆಲಸದವನಿಗೆ ಮೊಸ್ಕೆನಿಯ ಅವಸರ ಅರ್ಥವಾಗದೆ ಹೋಗಿರಲಾರದು.

ಎಲೆಯ ಮೇಲೆ ಉಳಿದದ್ದು

ಈಗ ಮೂಡಬಿದಿರೆಗೆ. 1430ರ ಸಾವಿರ ಕಂಬದ ಬಸದಿಯನ್ನು ನೋಡಿದವರು ಅದರ ಕಂಬ, ಇಳಿಜಾರು ಮಾಡುಗಳ ಬಗ್ಗೆ ಮಾತಾಡುತ್ತಾರೆ. ಆದರೆ ಊರಿನ ನಿಜವಾದ ಚಿತ್ರಶಾಲೆ ಗುರುಬಸದಿ. ಸಿದ್ಧಾಂತ ಬಸದಿ ಎಂದೂ ಕರೆಯುವ ಆ ಬಸದಿಯಲ್ಲಿ ಧವಳಾ, ಜಯಧವಳಾ, ಮಹಾಧವಳಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಭದ್ರವಾಗಿದ್ದವು. ಹನ್ನೆರಡನೆಯ ಶತಮಾನದ ಹಳಗನ್ನಡ ಲಿಪಿ. ಕೆಲವು ಗರಿಗಳ ಮೇಲೆ ಬಣ್ಣದ ಚಿತ್ರಗಳು: ತೀರ್ಥಂಕರರು, ಯಕ್ಷಿಯರು, ಕೈಮುಗಿದ ಭಕ್ತರು. ಕೆಲವೇ ಬೆರಳಗಲದ ಎಲೆಯಲ್ಲಿ ಇಡೀ ಒಂದು ಸಭೆ ಕುಳಿತಿರುತ್ತದೆ. ದಕ್ಷಿಣ ಭಾರತದ ಅತಿ ಹಳೆಯ ಗ್ರಂಥಚಿತ್ರಗಳ ಸಾಲಿನಲ್ಲಿ ಇವುಗಳ ಹೆಸರು ಮೊದಲು ಬರುತ್ತದೆ.

ಮಳೆನಾಡಿನ ಕಾಣ್ಕೆ ಇದು. ಗೋಡೆ ನಂಬಿಕೆಗೆ ಯೋಗ್ಯವಲ್ಲ ಎಂದು ತಿಳಿದವರು ಎಲೆಯ ಮೇಲಿನ ಚಿತ್ರವನ್ನು ಹಲಗೆಗಳ ನಡುವೆ ಕಟ್ಟಿ, ಪೆಟ್ಟಿಗೆಯಲ್ಲಿ ಇಟ್ಟು, ಬಸದಿಯ ಒಳಗಿನ ಕತ್ತಲೆಗೆ ಸೇರಿಸಿದರು. ಯಾತ್ರಿಕರಿಗೆ ರತ್ನದ ಪುಟ್ಟ ಜಿನಬಿಂಬಗಳನ್ನೂ ಆ ಗ್ರಂಥಗಳನ್ನೂ ತೋರಿಸುವುದಕ್ಕೆ ಸಿದ್ಧಾಂತ ದರ್ಶನ ಎಂದು ಹೆಸರು. 1939ರಿಂದ ಧವಳಾ ಅಚ್ಚಾಗತೊಡಗುವವರೆಗೂ ಬಹುತೇಕ ಜನರಿಗೆ ಅದು ಓದುವ ಪುಸ್ತಕವಲ್ಲ, ಕಣ್ಣಲ್ಲಿ ಕಂಡು ಕೈಮುಗಿಯುವ ಪುಸ್ತಕ.

ಚರ್ಚಿನ ಚಿತ್ರಕ್ಕೆ ಕೊಟ್ಟ ಸಮರ್ಥನೆ ಇದಕ್ಕಿಂತ ಬೇರೆ. ಕ್ರಿ.ಶ. 600ರ ಸುಮಾರಿಗೆ ಮಾರ್ಸೇಲ್ಸಿನ ಬಿಷಪ್ ಸೆರೇನಸ್ ತನ್ನ ಚರ್ಚುಗಳ ಚಿತ್ರಗಳನ್ನು ಒಡೆಸಿದ. ಜನ ಅವನ್ನು ಪೂಜಿಸುತ್ತಾರೆಂಬುದು ಅವನ ಆಕ್ಷೇಪ. ಪೋಪ್ ಮೊದಲನೆಯ ಗ್ರೆಗರಿ ಅವನಿಗೆ ಪತ್ರ ಬರೆದು ಗದರಿದರು. ಓದಲು ಬಾರದವರು ಪುಸ್ತಕದಲ್ಲಿ ಓದಲಾಗದ್ದನ್ನು ಗೋಡೆಯಲ್ಲಿ ಓದುತ್ತಾರೆ, ಆದ್ದರಿಂದ ಚಿತ್ರ ಇರಲಿ ಎಂಬುದು ಅವರ ವಾದ. ಸಾವಿರದ ನಾನೂರು ವರ್ಷ ಚರ್ಚು ಈ ಪಾಠದ ನೆಪವನ್ನೇ ಹೇಳುತ್ತಾ ಬಂದಿದೆ. ಆದರೆ ಬಂಟ್ವಾಳದ ಬಾಯಮ್ಮನೊಬ್ಬಳು ಬಲಿಪೀಠದ ಹಿಂದಿನ ಚಿತ್ರದ ಎದುರು ನಿಂತಾಗ ಆಕೆ ಪಾಠ ಓದುತ್ತಿರುವುದಿಲ್ಲ. ಆ ಕಥೆ ಆಕೆಗೆ ಬಾಯಿಪಾಠ. ಮೂಡಬಿದಿರೆಯ ಯಾತ್ರಿಕ ಗುರುಬಸದಿಯಲ್ಲಿ ಮಾಡುವುದನ್ನೇ ಆಕೆಯೂ ಮಾಡುತ್ತಿರುತ್ತಾಳೆ.

ಹೊಸ ಬಣ್ಣ, ಹೊಸ ಪ್ರಶ್ನೆ

1991ರಿಂದ 1994ರವರೆಗೆ ಪಾರಂಪರಿಕ ತಾಣಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಅಲೋಶಿಯಸ್ ಚಾಪೆಲಿನಲ್ಲಿ ಸಂರಕ್ಷಣೆಯ ಕೆಲಸ ಮಾಡಿದರು. ಈ ವಿದ್ಯೆಯ ಮೊದಲ ನಿಯಮವೇ ನಮ್ಮ ಊರಿನವರಿಗೆ ಕಷ್ಟವಾದದ್ದು. ಮಾಸಿದ್ದನ್ನು ಹೊಸದಾಗಿ ಬರೆಯಬಾರದು. ಧೂಳು, ಮಸಿ ತೆಗೆಯಬೇಕು, ಟೊಳ್ಳಾದ ಗಾರೆಯನ್ನು ಹಿಡಿದು ನಿಲ್ಲಿಸಬೇಕು, ಪೂರ್ತಿ ಕಳೆದುಹೋದ ಕಡೆ ಮಾತ್ರ, ಅದೂ ಗುರುತಿಗೆ ಸಿಗುವಂತೆ, ಬಣ್ಣ ತುಂಬಬೇಕು. ನಮ್ಮಲ್ಲಿ ಹಬ್ಬ ಬಂತೆಂದರೆ ಎಲ್ಲವೂ ಹೊಸದಾಗಿ ಹೊಳೆಯಬೇಕು. ಇದು ದೇವಸ್ಥಾನ, ಬಸದಿ, ಇಗರ್ಜಿಗಳಿಗೆಲ್ಲ ಅಂಟಿದ ಚಾಳಿ. ಇನಾಮಲ್ ಡಬ್ಬ ತಂದು ಹಳೆಯ ಇಮಾಜಿಗೆ (ಪ್ರತಿಮೆಗೆ) ಬಳಿದುಬಿಡುವ ಉತ್ಸಾಹಕ್ಕೆ ಎಷ್ಟು ಒಳ್ಳೆಯ ಮರದ ಸಂತರು ಬಲಿಯಾಗಿದ್ದಾರೋ.

ಇವತ್ತು ಬಂಟ್ವಾಳದಲ್ಲೋ ಬೆಳ್ತಂಗಡಿಯಲ್ಲೋ ಹೊಸ ಚಿತ್ರ ಬರೆಸುವವರ ಎದುರಿಗಿರುವುದು ಸುಣ್ಣದ ಗೋಡೆಯಲ್ಲ, ಸಿಮೆಂಟ್ ಗೋಡೆ. ಬಣ್ಣ ಅಕ್ರಿಲಿಕ್. ಅಕ್ರಿಲಿಕ್ ಗೋಡೆಯ ಒಳಗೆ ಇಳಿಯುವುದಿಲ್ಲ, ಮೇಲೆ ಒಂದು ತೆಳು ಪೊರೆಯಾಗಿ ಕೂರುತ್ತದೆ. ಸಿಮೆಂಟಿನೊಳಗೆ ನೀರು ಉಳಿದಿದ್ದರೆ ಅದು ಹೊರಬರಲು ದಾರಿ ಹುಡುಕುತ್ತದೆ, ಬರುವಾಗ ಉಪ್ಪನ್ನೂ ಹೊತ್ತು ತರುತ್ತದೆ. ಪೊರೆ ಗುಳ್ಳೆ ಏಳುತ್ತದೆ, ಬಿಳಿ ಹುಡಿ ಕಾಣಿಸುತ್ತದೆ. ಅನುಭವವುಳ್ಳ ಪೇಂಟರುಗಳು ಅದಕ್ಕೇ ಹೊಸ ಗಾರೆ ಒಂದು ಮಳೆಗಾಲ ಕಾಣಲಿ, ಸೋರುವ ಕಡೆಯೆಲ್ಲ ಗೊತ್ತಾಗಲಿ, ಆಮೇಲೆ ಬರೆಯೋಣ ಎನ್ನುತ್ತಾರೆ. ಉದ್ಘಾಟನೆಗೆ ಬಿಷಪರ ದಿನಾಂಕ ಗೊತ್ತಾಗಿಬಿಟ್ಟಿರುತ್ತದೆ, ಆಮಂತ್ರಣ ಪತ್ರಿಕೆ ಅಚ್ಚಾಗಿರುತ್ತದೆ. ಮಳೆಗಾಲಕ್ಕೆ ಕಾಯುವವರು ಯಾರು?

ಯಾವ ಶೈಲಿಯಲ್ಲಿ ಬರೆಯಬೇಕು ಎಂಬುದು ಇನ್ನೂ ಜಟಿಲ. ಬೆಳ್ತಂಗಡಿ ತಾಲ್ಲೂಕಿನಲ್ಲಿ ಎರಡು ಬಗೆಯ ಕಥೊಲಿಕರಿದ್ದಾರೆ. ಹಳಬರು ಕೊಂಕಣಿ ಮಾತಾಡುವ ಲ್ಯಾಟಿನ್ ವಿಧಿಯವರು. ಇನ್ನೊಂದು ಪಂಗಡ ಕಳೆದ ಶತಮಾನದ ಮಧ್ಯದಲ್ಲಿ ಕೇರಳದಿಂದ ಬಂದು ಕಾಡಂಚಿನಲ್ಲಿ ನೆಲೆಸಿದ, ಮಲಯಾಳ ಮಾತಾಡುವ ಸಿರೋ ಮಲಬಾರ್ ವಿಧಿಯವರು. ಅವರಿಗಾಗಿ 1999ರಲ್ಲಿ ಬೆಳ್ತಂಗಡಿಯೇ ಕೇಂದ್ರವಾಗಿ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಸಂತ ಲಾರೆನ್ಸರ ಹೆಸರಿನ ಕಥೀಡ್ರಲ್ ಅಲ್ಲಿದೆ. ಸಂತ ಥಾಮಸರ ಶಿಲುಬೆ, ಗರ್ಭಗುಡಿಗೆ ತೆರೆ ಹಾಕುವ ಕ್ರಮ ಆ ಪರಂಪರೆಯವು. ಕೇರಳದ ಕೆಲವು ಹೊಸ ಚರ್ಚುಗಳಲ್ಲಿ ಗುರುವಾಯೂರು ಮಾದರಿಯ ಪಂಚವರ್ಣ ಶೈಲಿಯ ಯೇಸು, ಮರಿಯಮ್ಮ ಕಾಣಿಸಿಕೊಂಡಿದ್ದಾರೆ. ನೀಳಗಣ್ಣು, ಕೇಸರಿ-ಹಸಿರು ಮೈಬಣ್ಣ, ಒತ್ತೊತ್ತಾದ ಆಭರಣ. ಲ್ಯಾಟಿನ್ ಚರ್ಚುಗಳಲ್ಲಿ ಮಾತ್ರ ಇಟಲಿಯ ಗುಲಾಬಿ ಕೆನ್ನೆ, ನೀಲಿ ಕಣ್ಣು ಗಟ್ಟಿಯಾಗಿ ಕುಳಿತಿವೆ. ಇದರಲ್ಲಿ ಮೊಸ್ಕೆನಿಯ ಪಾಲೂ ಇದೆ, ಶಿವಕಾಶಿಯ ಕ್ಯಾಲೆಂಡರುಗಳ ಪಾಲೂ ಇದೆ.

ಬದಲಾವಣೆಗೆ ಯತ್ನವೇ ಆಗಿಲ್ಲ ಎಂದಲ್ಲ. ಗೋವಾದ ಕಲಾವಿದ ಆಂಜೆಲೊ ದ ಫೊನ್ಸೆಕಾ (1902-1967) ಶಾಂತಿನಿಕೇತನದಲ್ಲಿ ಕಲಿತು ಬಂದು ಮರಿಯಮ್ಮನಿಗೆ ಸೀರೆ ಉಡಿಸಿದ. ಊರಿನ ಧರ್ಮಗುರುಗಳಿಗೆ ಅದನ್ನು ಸಹಿಸಲಾಗಲಿಲ್ಲ. ಕೊನೆಗೆ ಅವನ ಬಾಳು ಪುಣೆಯಲ್ಲಿ ಕಳೆಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ನಂತರ ಗಾಳಿ ತಿರುಗಿತು. 1969ರಲ್ಲಿ ಆರತಿ, ಅಂಜಲಿ, ದೀಪಗಳನ್ನು ಪೂಜೆಯಲ್ಲಿ ಬಳಸಲು ಹನ್ನೆರಡು ಅಂಶಗಳ ಒಪ್ಪಿಗೆ ರೋಮಿನಿಂದ ಬಂತು. ಬೆಂಗಳೂರಿನಲ್ಲಿ ಫಾದರ್ ಅಮಲೋರ್ಪವದಾಸ್ ಕಟ್ಟಿದ ಎನ್‌ಬಿಸಿಎಲ್‌ಸಿ ಎಂಬ ಧರ್ಮಬೋಧನೆ-ಪೂಜಾವಿಧಿಯ ಕೇಂದ್ರ ಈ ಪ್ರಯೋಗಗಳ ನಡುಮನೆಯಾಯಿತು. ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಸಾಹಿ ದಶಕಗಳಿಂದ ಯೇಸುವನ್ನು ಈ ನೆಲದ ಆಕೃತಿಗಳಲ್ಲಿ ಹುಡುಕುತ್ತಾ ಬಂದಿದ್ದಾರೆ.

ಇವರೆಲ್ಲರ ಬಗ್ಗೆ ಗೌರವವಿದ್ದೂ ಒಂದು ಅನುಮಾನ ನನ್ನನ್ನು ಬಿಡುವುದಿಲ್ಲ. ಯೇಸುವನ್ನು ಪದ್ಮಾಸನದಲ್ಲಿ ಕೂರಿಸಿ, ಹಿಂದೆ ಒಂದು ತೆಂಗಿನಮರ ನಿಲ್ಲಿಸಿದ ಕೂಡಲೇ ಚಿತ್ರ ನಮ್ಮದಾಗುವುದಿಲ್ಲ. ಅದು ಪ್ರವಾಸೋದ್ಯಮ ಇಲಾಖೆಯ ಭಿತ್ತಿಪತ್ರದ ಭಾರತ. ಬಂಟ್ವಾಳದ ಗೋಡೆಗೆ ಬೇಕಾದದ್ದು ಬಂಟ್ವಾಳ. ಯೋರ್ದಾನಿನ ಸ್ನಾನ ಬರೆಯುವವರು ಸುಗ್ಗಿ ಕಾಲದ ನೇತ್ರಾವತಿಯನ್ನು ಪಾಣೆಮಂಗಳೂರಿನ ಹಳೆಯ ಸೇತುವೆಯ ಮೇಲೆ ನಿಂತು ಒಮ್ಮೆ ನೋಡಲಿ. ಬಂಡೆ ಎದ್ದ ಹೊಳೆ, ಮೊಣಕಾಲುದ್ದ ನೀರು, ಮರಳು. ಕಾನಾ ಊರಿನ ಮದುವೆ ಬರೆಯುವವರು ಇಲ್ಲಿ ಮದುವೆಗೆ ಮುನ್ನ ನಡೆಯುವ ರೋಸಿನ ದಿನ, ತೆಂಗಿನ ಹಾಲು ಹಚ್ಚಿಸಿಕೊಂಡು ಕುಳಿತ ಮದುಮಗಳ ಮುಖ ನೋಡಲಿ. ಮರಿಯಮ್ಮನ ಮೊಂತಿ ಹಬ್ಬಕ್ಕೆ ಬುಟ್ಟಿಯಲ್ಲಿ ಹೂ ತರುವ ಮಕ್ಕಳು ಮೊಸ್ಕೆನಿಯ ಹೂಮಾಲೆಯ ದೇವದೂತರಿಗಿಂತ ಏನು ಕಡಿಮೆ? ಬಡವರ ಹಟ್ಟಿಯಲ್ಲಿ ಹುಟ್ಟಿದ ಮಗುವಿನ ಕಥೆಗೆ ಬೈಹುಲ್ಲು, ಕೊಟ್ಟಿಗೆ, ಮುರಕಲ್ಲಿನ ಗೋಡೆ ಹುಡುಕಿಕೊಂಡು ಬೆಥ್ಲೆಹೇಮಿಗೆ ಹೋಗಬೇಕಾಗಿಲ್ಲ. ಮೊಸ್ಕೆನಿ ಬರೆದದ್ದು ತನಗೆ ಗೊತ್ತಿದ್ದ ಮುಖಗಳನ್ನು, ತಾನು ಬೆಳೆದ ಆಕಾಶವನ್ನು. 1901ರಲ್ಲಿ ಅದು ಪ್ರಾಮಾಣಿಕ ಕೆಲಸ. ಇವತ್ತು ಅವರ ಆಕಾಶವನ್ನು ಇಲ್ಲಿ ನಕಲು ಮಾಡಿದರೆ ಅದು ಅವರಿಂದ ಕಲಿತಂತಾಗುವುದಿಲ್ಲ.

ಹೊಸ ಚಿತ್ರ ನೋಡಲು ಹೋಗುವವರಿಗೆ ಇಷ್ಟು ಹೇಳಬಹುದು. ಪೂಜೆ ಮುಗಿದು ಜನ ಚದುರಿದ ಮೇಲೆ ಹೋಗಿ. ಫೋಕಸ್ ಲೈಟು ಆರಿಸಲು ಹೇಳಿ, ಕಿಟಕಿಯ ಬೆಳಕಿನಲ್ಲಿ ನೋಡಿ. ಮೊದಲು ಮುಖ ಬೇಡ, ಕೈಗಳನ್ನು ನೋಡಿ. ಮುಖವನ್ನು ಯಾವ ಫೋಟೊದಿಂದಲಾದರೂ ಇಳಿಸಬಹುದು, ಕೈ ಬರೆಯುವವನ ನಿಜ ಶಕ್ತಿ ಬಯಲು ಮಾಡುತ್ತದೆ. ಆಮೇಲೆ ಚಿತ್ರದ ಕೆಳ ಅಂಚು, ನೆಲಕ್ಕೆ ತಾಗುವ ಜಾಗ. ಬಣ್ಣ ಅಲ್ಲಿ ಉಬ್ಬಿದ್ದರೆ ಗೋಡೆ ಆಗಲೇ ಉತ್ತರ ಕೊಡಲು ಶುರುಮಾಡಿದೆ ಎಂದರ್ಥ. ಕೊನೆಗೆ ಮೂಲೆಯಲ್ಲಿ ಸಹಿ ಹುಡುಕಿ. ದಾನಿಗಳ ಹೆಸರಿನ ಗ್ರಾನೈಟ್ ಫಲಕ ಬಾಗಿಲಲ್ಲೇ ಸಿಗುತ್ತದೆ, ಬರೆದವನ ಹೆಸರಿಗೆ ಹುಡುಕಾಡಬೇಕು. ಇಲ್ಲದಿದ್ದರೆ ಪಾದ್ರಿಯವರನ್ನೋ ವಾರ್ಡಿನ ಗುರ್ಕಾರರನ್ನೋ ಕೇಳಿ ತಿಳಿದುಕೊಳ್ಳಿ.

ಇಷ್ಟೆಲ್ಲ ತಾಪತ್ರಯ ಏಕೆ, ದೊಡ್ಡ ಪ್ರಿಂಟ್ ತೆಗೆಸಿ ಅಂಟಿಸಿದರೆ ಸಾಲದೇ ಎಂಬ ಮಾತು ಈಗೀಗ ಚರ್ಚ್ ಪಾಲನಾ ಮಂಡಳಿಯ ಸಭೆಗಳಲ್ಲಿ ಏಳುತ್ತದೆ. ಖರ್ಚು ಕಡಿಮೆ, ಎರಡು ದಿನದ ಕೆಲಸ, ಲಿಯೊನಾರ್ದೊನ 'ಕಡೆಯ ಭೋಜನ'ವೇ ಬೇಕೆಂದರೆ ಅದೂ ಸಿಗುತ್ತದೆ. ಹಾಗೆ ಅಂಟಿಸಿದ ಒಂದನ್ನು ನೋಡಿದ್ದೇನೆ, ಎಲ್ಲಿ ಎಂಬುದು ಬೇಡ. ಪ್ರಿಂಟಿನ ಶಾಯಿಯಲ್ಲಿ ಬೆಳಕಿಗೆ ಮೊದಲು ಸೋಲುವುದು ಹಳದಿ ಮತ್ತು ಕೆಂಪು, ಕೊನೆಯವರೆಗೆ ಗಟ್ಟಿಯಾಗಿ ನಿಲ್ಲುವುದು ನೀಲಿ. ಪಶ್ಚಿಮದ ಕಿಟಕಿಯ ಬಿಸಿಲು ಬೀಳುವ ಗೋಡೆ ಅದು. ಮೇಜಿನ ಮೇಲೆ ರೊಟ್ಟಿ ನೀಲಿ, ದ್ರಾಕ್ಷಾರಸ ನೀಲಿ, ಹನ್ನೆರಡು ಮಂದಿಯ ಮುಖವೂ ನೀಲಿ. ಯೂದನನ್ನು ಉಳಿದವರಿಂದ ಬೇರೆ ಮಾಡಿ ಗುರುತಿಸುವುದೇ ಕಷ್ಟವಾಗಿತ್ತು.